ಅಪ್‌ಡೇಟ್: ಟಂಗ್‌ಸ್ಟನ್ ತಂತಿಗೆ ಅಲ್ಯೂಮಿನಾ ಲೇಪನ

ನಿಕಲ್ ಮಿಶ್ರಲೋಹಕ್ಕೆ ಬಲ ಕೊಡಲು ಒಳಗೆ ಹುದುಗಿಸಿದ ಟಂಗ್‌ಸ್ಟನ್ ತಂತಿ 1100 ಡಿಗ್ರಿ ಸೆಲ್ಸಿಯಸ್ ಕಾಯಿಸಿದ ಮೇಲೆ ಪಟಪಟ ಮುರಿಯುತ್ತೆ, ಯಾಕೆ ಅಂತ ಕೇಳಿದ್ದೆನಲ್ಲ, ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ನಿಕಲ್ ತಂತಿಯೊಳಗೆ ನುಸುಳಿ ಅದರ ಹರಳುಗಳನ್ನೇ ಬದಲಿಸುತ್ತೆ ಅಂದಿದ್ದು ನಿಜ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತಂತಿ ಎಳೆದಾಗ ಬಂದ ನೀಳ ಹರಳುಗಳು ನಡುವೆ ಮಾತ್ರ ಉಳಿದಿವೆ. ಅಂಚಿನ ಸುತ್ತ ದಪ್ಪ ಹರಳುಗಳದೇ ಒಂದು ಬಳೆ, ತಂತಿ ಮುರಿಯೋದು ಅದರಿಂದಲೇ. ನಿಕಲ್ ಒಳಗೆ ಹೋಗದಂತೆ ತಡೆಯಲಿ ಅಂತ ಪೀಣ್ಯದಲ್ಲಿ ಒಬ್ಬರ ಹತ್ತಿರ ತಂತಿಗೆ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಲೇಪನ ಹಾಕಿಸಿದೆ. ಲೇಪನ ಗಟ್ಟಿಯಾಗಿ ನಿಂತ ಕಡೆ ಆ ಬಳೆ ಇಲ್ಲ. ಆದರೆ ಕಾಯಿಸಿ ಆರಿಸಿ ಮಾಡಿದಂತೆ ಅಲ್ಲಲ್ಲಿ ಬಿರುಕು. ನಿಕಲ್ ಟಂಗ್‌ಸ್ಟನ್‌ಗಿಂತ ಸುಮಾರು ಮೂರು ಪಟ್ಟು ಹಿಗ್ಗುತ್ತೆ, ನಡುವೆ ಸಿಕ್ಕಿದ ಲೇಪನ ಏನು ಮಾಡೀತು? ದಪ್ಪ ಮಾಡಿಸಿ ಅಂದವರೇ, ದಪ್ಪಗಾದದ್ದು ಇನ್ನೂ ಬೇಗ ಸಿಡಿಯಿತು. ಮುಂದೆ ಹಾಫ್ನಿಯಂ ನೈಟ್ರೈಡ್ ಲೇಪನ ನೋಡೋಣ ಅಂತಿದೀನಿ. ರೇಟು ಕೇಳಿ ಗೈಡ್ ಇನ್ನೂ ಸಹಿ ಹಾಕಿಲ್ಲ.