ತಾಯತ, ಕಷಾಯ, ಮಾತ್ರೆ: ಬಾಣಂತಿಯ ಮನಸ್ಸಿನ ಬಗ್ಗೆ ಮನೋವೈದ್ಯೆಗೆ ಕೆಲವು ಪ್ರಶ್ನೆಗಳು

ಪ್ರಶ್ನೆ (ಶಿಡ್ಲಘಟ್ಟ ತಾಲ್ಲೂಕು): ಮೇಡಂ, ತಂಗಿಗೆ ಹೆರಿಗೆಯಾಗಿ ಏಳು ವಾರವಾಯಿತು. ಬಾಣಂತನ ತವರಿನಲ್ಲೇ. ಒಂದು ತಿಂಗಳಿಂದ ಸುಮ್ಮಸುಮ್ಮನೆ ಅಳುತ್ತಾಳೆ. ಮಗು ಮಲಗಿದರೂ ಅವಳಿಗೆ ನಿದ್ದೆ ಬಾರದು. ಗಾಳಿ ಸೋಕಿದೆ ಎಂದು ಅಮ್ಮ ತಾಯತ ಕಟ್ಟಿಸಿದ್ದಾರೆ. ತಂಗಿಯ ಗಂಡ ಯೋಗ ಸಾಕು ಎನ್ನುತ್ತಾರೆ. ಮನೋವೈದ್ಯರು ಸರ್ಟ್ರಲೀನ್ ಎಂಬ ಖಿನ್ನತೆಯ ಮಾತ್ರೆ ಬರೆದುಕೊಟ್ಟಿದ್ದಾರೆ, ಹಾಲಿಗೆ ಇಳಿಯುತ್ತದೆ ಎಂಬ ಭಯಕ್ಕೆ ಒಂದು ಮಾತ್ರೆಯನ್ನೂ ನುಂಗಿಲ್ಲ. ಯೋಗ, ಆಯುರ್ವೇದ ಸೇರಿಸಿ ಕೊಡುವ ಸಮನ್ವಯ ಚಿಕಿತ್ಸೆ ಸಿಕ್ಕರೆ ಮಾತ್ರೆ ತಪ್ಪುತ್ತದೆಯೇ?

ಉತ್ತರ: ಸಮನ್ವಯ ಎಂದರೆ ಮಾತ್ರೆ ತಪ್ಪಿಸುವ ಅಡ್ಡದಾರಿ ಎಂದು ಹಲವರು ತಿಳಿದಿದ್ದಾರೆ. ಮಾತ್ರೆ, ಮಾತುಕತೆಯ ಚಿಕಿತ್ಸೆ, ಯೋಗ, ಊಟ, ನಿದ್ದೆ ಎಲ್ಲವನ್ನೂ ಒಬ್ಬ ವೈದ್ಯರ ಕಣ್ಣಳತೆಯಲ್ಲಿ ನಡೆಸುವುದು ಸಮನ್ವಯ. ಅಮ್ಮನದೊಂದು, ಅಳಿಯನದೊಂದು, ವೈದ್ಯರದೊಂದು ಎಂದು ಒಬ್ಬರಿಗೊಬ್ಬರು ಹೇಳದೆ ನಡೆಸುವುದು ಹಗ್ಗಜಗ್ಗಾಟ.

ಹೆರಿಗೆಯಾದ ಮೂರು ನಾಲ್ಕು ದಿನಕ್ಕೆ ಬರುವ ಅಳು ಬಹುಪಾಲು ತಾಯಂದಿರಲ್ಲಿ ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಏಳನೇ ವಾರಕ್ಕೂ ನಿಂತಿಲ್ಲವೆಂದರೆ ಅದು ಬಾಣಂತಿಯ ಖಿನ್ನತೆ ಇರಬಹುದು. ಸರ್ಟ್ರಲೀನ್ ಎದೆಹಾಲಿಗೆ ಸೇರುವುದು ತೀರಾ ಕಡಿಮೆ. ಹಾಲುಣಿಸುವ ತಾಯಂದಿರಿಗೆ ಮೊದಲು ಆರಿಸುವ ಔಷಧಗಳಲ್ಲಿ ಅದೂ ಒಂದು. ಮಗು ಅವಧಿಗೆ ಮುಂಚೆ ಹುಟ್ಟಿದ್ದರೆ ಅಥವಾ ಕಾಯಿಲೆ ಬಿದ್ದಿದ್ದರೆ ಆ ವೈದ್ಯರಿಗೆ ತಿಳಿಸಿ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ನಾಲ್ಕೇ ದಿನಕ್ಕೆ "ಹಿಡಿಯಲಿಲ್ಲ" ಎಂದು ಬಿಡಬೇಡಿ.

ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೆ, ರಕ್ತಹೀನತೆ ಇದ್ದರೆ ಇದೇ ಸುಸ್ತು, ಇದೇ ಬೇಸರ. ನೀರು ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಬಾಣಂತಿಯ ಲೋಟ ಕಿತ್ತುಕೊಳ್ಳುವವರ ಮೇಲೆ ನನಗೆ ಹಳೆಯ ಸಿಟ್ಟಿದೆ. ಹಾಲೂಡಿಸುವವಳು ಬಾಯಾರಿದಷ್ಟೂ ಕುಡಿಯಲಿ. ಯೋಗವೂ ಇರಲಿ, ಸಿಸೇರಿಯನ್ ಆಗಿದ್ದರೆ ಪ್ರಸೂತಿ ವೈದ್ಯರನ್ನು ಕೇಳಿ ಸರಳ ಉಸಿರಾಟದಿಂದ ಆರಂಭಿಸಲಿ.

ಪ್ರಶ್ನೆ (ಚಿಂತಾಮಣಿ): ನನಗೆ 48 ವರ್ಷ. ಮುಟ್ಟು ನಿಲ್ಲುವ ಹೊತ್ತು, ರಾತ್ರಿ ಮೈಯೆಲ್ಲ ಬೆಂಕಿ, ಬೆವರು. ಖಿನ್ನತೆಗೆ ಎರಡು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಥೈರಾಯ್ಡ್ ಮಾತ್ರೆಯೂ ಇದೆ. ನಿದ್ದೆಗೆಂದು ಅಶ್ವಗಂಧದ ಪುಡಿ ಹಾಲಿಗೆ ಹಾಕಿಕೊಳ್ಳುತ್ತೇನೆ. ಗಿಡಮೂಲಿಕೆ ತಾನೇ?

ಉತ್ತರ: ಉಮ್ಮತ್ತಿಯೂ ಗಿಡವೇ ಅಮ್ಮಾ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಮಂಪರು ತರುವ ಮಾತ್ರೆಯೊಂದಿಗೆ ಸೇರಿದರೆ ಮಂಪರು ಹೆಚ್ಚುತ್ತದೆ. ಅಪರೂಪಕ್ಕೆ ಯಕೃತ್ತಿಗೆ ಪೆಟ್ಟಾದದ್ದೂ ವರದಿಯಾಗಿದೆ. ಈಗ ಪುಡಿ ನಿಲ್ಲಿಸಿ, ವೈದ್ಯರಿಗೆ ಹೇಳಿ. ಖಿನ್ನತೆಯ ಮಾತ್ರೆಯನ್ನು ಮಾತ್ರ ನೀವಾಗಿಯೇ ಥಟ್ಟನೆ ಬಿಡಬೇಡಿ, ತಲೆಸುತ್ತು, ಚಡಪಡಿಕೆ ಶುರುವಾಗುತ್ತದೆ. ಮೈಬಿಸಿಗೆ ಬೇರೆ ಚಿಕಿತ್ಸೆ ಇದೆ, ಸ್ತ್ರೀರೋಗ ವೈದ್ಯರನ್ನೂ ಕಾಣಿ. ಆಯುರ್ವೇದವೇ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಮನ್ವಯ ವೈದ್ಯಕೀಯ ವಿಭಾಗವೇ ಇದೆ. ಅಂಗಡಿಯವರ ಸಲಹೆ ಬೇಡ.

ಪ್ರಶ್ನೆ (ಶಿಡ್ಲಘಟ್ಟ ತಾಲ್ಲೂಕು): ಮೇಡಂ, ಮತ್ತೆ ನಾನೇ. ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಮುಗಿಸಿ ಎದ್ದಿದೆ, ಎಲ್ಲರೂ ಸೊಪ್ಪು ಹಾಕುವುದರಲ್ಲೇ ಇದ್ದೇವೆ. ಅವಳೊಬ್ಬಳೇ ಕೋಣೆಯಲ್ಲಿ. "ನಾನು ಇಲ್ಲದಿದ್ದರೆ ಮಗು ಚೆನ್ನಾಗಿರುತ್ತದೆ" ಎಂದು ನಿನ್ನೆ ಹೇಳಿದಳು.

ಉತ್ತರ: ಹಾಗಾದರೆ ನಾಳೆಗೆ ಬಿಡಬೇಡಿ. ಇಂದೇ ಆ ಮನೋವೈದ್ಯರ ಬಳಿಗೆ, ಅವರು ಸಿಗದಿದ್ದರೆ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿಯವರೆಗೆ ಅವಳನ್ನು ಒಂಟಿಯಾಗಿ ಬಿಡಬೇಡಿ. ತೋಟದ ಔಷಧ, ಹುಳು ಮನೆಯ ಔಷಧ ಬೀಗದೊಳಗಿರಲಿ, ಬೀಗದ ಕೈ ನಿಮ್ಮ ಸೆರಗಿನಲ್ಲಿರಲಿ. "ಸಾಯಬೇಕು ಎನಿಸುತ್ತಿದೆಯೇ?" ಎಂದು ನೇರವಾಗಿ ಕೇಳಿ, ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲಿರುಳು ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ನಿದ್ದೆಯೇ ಇಲ್ಲದೆ ಸಂಬಂಧವಿಲ್ಲದ ಮಾತು, ಯಾರೋ ಮಗುವನ್ನು ಕೊಲ್ಲುತ್ತಾರೆಂಬ ಅನುಮಾನ, ಕಿವಿಗೆ ದನಿ ಕೇಳುವುದು ಕಂಡರೆ ಅದು ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದ ಕಾಯಿಲೆ, ತುರ್ತಾಗಿ ಆಸ್ಪತ್ರೆಗೆ ಸೇರಿಸಬೇಕು. ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಇಬ್ಬರನ್ನೂ ಜೊತೆಗಿಟ್ಟುಕೊಳ್ಳುವ ವಾರ್ಡ್ ಇದೆ.

ಮರಳಿ ಬಂದ ಮೇಲೆ ರಾತ್ರಿಯ ಒಂದು ಸರದಿ ಮಗುವನ್ನು ಬೇರೆಯವರು ನೋಡಿಕೊಳ್ಳಲಿ, ಅವಳಿಗೆ ಸತತ ನಾಲ್ಕೈದು ಗಂಟೆ ನಿದ್ದೆ ಸಿಗಬೇಕು. ಹುಳುವಿಗೆ ಸರದಿ ಹಾಕಿಕೊಳ್ಳುವ ಮನೆಗೆ ಇದು ಕಷ್ಟವಲ್ಲ.

ಪ್ರಶ್ನೆ: ಆಟೋ ಬಂತು, ಹೊರಟಿದ್ದೇವೆ. ತಾಯತ ಬಿಚ್ಚಿಸಬೇಕೇ? ಅಮ್ಮ ಅಳುತ್ತಿದ್ದಾರೆ.

ಉತ್ತರ: ಇರಲಿ ಬಿಡಿ, ಅದು ಯಾವ ಔಷಧಕ್ಕೂ ಅಡ್ಡಬರುವುದಿಲ್ಲ. ಅಮ್ಮನನ್ನೂ ಆಟೋಕ್ಕೆ ಹತ್ತಿಸಿಕೊಳ್ಳಿ. ಆ ಮಾತ್ರೆ, ಲೇಹ್ಯದ ಡಬ್ಬಿ, ಕಷಾಯದ ಬಾಟಲಿ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಡಿ.