ನಾಲ್ಟ್ರೆಕ್ಸೋನ್ ಕೊಟ್ಟ ಇಲಿ ಲೀವರ್ ಒತ್ತುವುದಿಲ್ಲ. ರುಚಿ ಹೋಯ್ತಾ, ಹುರುಪು ಹೋಯ್ತಾ?

ಎಂಎಸ್ಸಿ_ಯಶವಂತಪುರ:
ಎಲ್ಲರಿಗೂ ನಮಸ್ಕಾರ. ಶುಕ್ರವಾರ ಜರ್ನಲ್ ಕ್ಲಬ್‌ನಲ್ಲಿ (ಸಂಶೋಧನಾ ಪೇಪರ್ ಓದಿ ಚರ್ಚಿಸುವ ಕೂಟ) ನನ್ನ ಸರದಿ, ವಿಷಯ ಓಪಿಯಾಯ್ಡ್ ರಿಸೆಪ್ಟರ್, ಅಂದರೆ ಮಾರ್ಫಿನ್‌ನಂಥವು ಕೂತು ಕೆಲಸ ಮಾಡುವ ಮೆದುಳಿನ ಗ್ರಾಹಕ. ಇಲಿ ಪಂಜರದ ಲೀವರ್ (ಸನ್ನೆಕೋಲು) ಒತ್ತಿದರೆ ಸಿಹಿ ನೀರು ಸಿಗುತ್ತದೆ. ಒಂದೊಂದು ಗುಟುಕಿಗೂ ಒತ್ತಬೇಕಾದ ಲೆಕ್ಕ ಏರುತ್ತಾ ಹೋಗಿ, ಕೊನೆಗೆ ಇಲಿ "ಸಾಕಪ್ಪಾ" ಅಂತ ಕೈಬಿಡುತ್ತದೆ. ಈ ರಿಸೆಪ್ಟರ್ ತಡೆಯುವ ಔಷಧ ನಾಲ್ಟ್ರೆಕ್ಸೋನ್ ಕೊಟ್ಟರೆ ಬೇಗನೇ ಕೈಬಿಡುತ್ತದೆ. ಸಿಹಿ ರುಚಿಸಲಿಲ್ಲ ಅಂತಲೋ, ದುಡಿಯುವ ಮನಸ್ಸಿಲ್ಲ ಅಂತಲೋ? ಗೈಡ್ ಕೇಳೇ ಕೇಳುತ್ತಾರೆ.

ಮೆದುಳು_ಮೇಷ್ಟ್ರು:
ಇದೊಂದೇ ಟೆಸ್ಟ್‌ನಿಂದ ಹೇಳಕ್ಕಾಗಲ್ಲ. ಸುಮ್ನೆ ಬಾಟಲಿಯಲ್ಲಿಟ್ಟ ಸಿಹಿ ನೀರನ್ನು ಎಷ್ಟು ಕುಡಿಯುತ್ತದೆ ಅಂತಲೂ ನೋಡಬೇಕು. ನಾಲ್ಟ್ರೆಕ್ಸೋನ್ ಕೊಟ್ಟಾಗ ಸಾಮಾನ್ಯವಾಗಿ ಅದೂ ಇಳಿಯುತ್ತದೆ, ತಲೆನೋವು ಇರುವುದೇ ಅಲ್ಲಿ. ಮೆದುಳು ಸಂಶೋಧಕ ಬೆರಿಡ್ಜ್ ತಂಡದವರು ರುಚಿ ಹಿಡಿಸಿತಾ ಅಂತ ತಿಳಿಯಲು ದೊಡ್ಡ ಇಲಿಗಳಲ್ಲಿ ನಾಲಿಗೆ ಚಪ್ಪರಿಸುವುದನ್ನೇ ಎಣಿಸಿದರು. ಮೆದುಳಿನ ನ್ಯೂಕ್ಲಿಯಸ್ ಅಕಂಬೆನ್ಸ್ ಅನ್ನೋ ಭಾಗದ ಒಂದು ಪುಟ್ಟ ಜಾಗದಲ್ಲಿ ಮ್ಯೂ (ಓಪಿಯಾಯ್ಡ್ ರಿಸೆಪ್ಟರ್‌ನ ಒಂದು ಬಗೆ) ರಿಸೆಪ್ಟರ್ ಕೆರಳಿಸಿದರೆ ಚಪ್ಪರಿಸುವುದು ಹೆಚ್ಚುತ್ತದೆ. ತಿನ್ನುವುದು ಮಾತ್ರ ಅದಕ್ಕಿಂತ ಎಷ್ಟೋ ದೊಡ್ಡ ಜಾಗದಲ್ಲಿ ಹೆಚ್ಚುತ್ತದೆ. ಅಂದರೆ ಇಷ್ಟ ಬೇರೆ, ಬೇಕು ಅನ್ನಿಸುವುದು ಬೇರೆ.

ಗಾಬಾ_ಗೌಡ:
ಮೇಷ್ಟ್ರ ಮಾತಿಗೆ ಒಂದು ಸೇರಿಸ್ತೀನಿ. ಓಪಿಯಾಯ್ಡ್ ಅಂದ ತಕ್ಷಣ ಸುಖ ಅಂತ ಸ್ಲೈಡಿನಲ್ಲಿ ಬರೆಯಬೇಡ ಗುರು. ಮಾರ್ಫಿನ್ ಮ್ಯೂ ಮೂಲಕ ವಿಟಿಎದಲ್ಲಿ (ಡೋಪಮೈನ್ ಕೋಶಗಳಿರುವ ಮೆದುಳಿನ ಭಾಗ) ಬ್ರೇಕ್ ಹಾಕುವ ಗಾಬಾ ಕೋಶಗಳನ್ನು ಸುಮ್ಮನಾಗಿಸುತ್ತದೆ, ಬೇಕು ಅನ್ನಿಸುವುದಕ್ಕೆ ಸಂಬಂಧಿಸಿದ ರಾಸಾಯನಿಕ ಡೋಪಮೈನ್ ಏರುತ್ತದೆ (ಜಾನ್ಸನ್ ಮತ್ತು ನಾರ್ತ್, 1992). ಇನ್ನೊಂದು ಬಗೆಯ ಓಪಿಯಾಯ್ಡ್ ರಿಸೆಪ್ಟರ್ ಕ್ಯಾಪಾ ಪೂರ್ತಿ ಉಲ್ಟಾ, ಡೋಪಮೈನ್ ಇಳಿಸುತ್ತದೆ. ಕ್ಯಾಪಾ ಕೆರಳಿಸುವ ಯು50488 ಕೊಟ್ಟ ಕೋಣೆಯ ಕಡೆಗೆ ಇಲಿ ಆಮೇಲೆ ಹೋಗುವುದೇ ಇಲ್ಲ. ನಾಲ್ಟ್ರೆಕ್ಸೋನ್ ಡೋಸ್ ಜಾಸ್ತಿಯಾದರೆ ಕ್ಯಾಪಾವನ್ನೂ ತಡೆಯುತ್ತದೆ, ಅದಕ್ಕೇ ಡೋಸ್ ಮೊದಲು ನೋಡು. 1996ರ, ಜೀನ್ ತೆಗೆದು ಮಾಡಿದ ಮ್ಯೂ ಇಲ್ಲದ ಇಲಿಗಳನ್ನೂ ಹಾಕು: ಮಾರ್ಫಿನ್‌ನಿಂದ ನೋವೂ ಇಳಿಯಲಿಲ್ಲ, ಮಾರ್ಫಿನ್ ಕೊಟ್ಟ ಕೋಣೆ ಇಷ್ಟವೂ ಆಗಲಿಲ್ಲ.

ಪಂಜರದ_ಪಕ್ಕ:
ಥಿಯರಿ ಸರಿ, ಇಲಿ ನೋಡಿದ್ದೀರಾ? ಮಾರ್ಫಿನ್ ಕೊಟ್ಟದ್ದು ಬಾಲವನ್ನು ಬೆನ್ನ ಮೇಲೆ ಎಸ್ ಆಕಾರದಲ್ಲಿ ನಿಮಿರಿಸಿಕೊಂಡು, ಗೋಡೆ ಬದಿಯಲ್ಲೇ ಸುತ್ತು ಹೊಡೆಯುತ್ತಿರುತ್ತದೆ. ಹೋಗ್ತಾ ಬರ್ತಾ ಲೀವರ್‌ಗೆ ಡಿಕ್ಕಿ ಹೊಡೆದರೂ ಲೆಕ್ಕಕ್ಕೆ ಸೇರುತ್ತದೆ, ಯಂತ್ರಕ್ಕೇನು ಗೊತ್ತು! ಅದಕ್ಕೇ ಏನೂ ಕೊಡದ ಎರಡನೇ ಲೀವರ್ ಇಡುವುದು. ನಿಮ್ಮ ಪೇಪರಿನಲ್ಲಿ ಅದರ ಲೆಕ್ಕ ಇದೆಯಾ? ಓಡಾಟದ ಅಳತೆ?

ಎಂಎಸ್ಸಿ_ಯಶವಂತಪುರ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಇನ್ನೊಂದು ಡೌಟು. ಇದೇ ಮಾತ್ರೆ ಕುಡಿತ ಬಿಡಿಸಲಿಕ್ಕೂ ಕೊಡುತ್ತಾರಲ್ವಾ, ಅವರಿಗೂ ಊಟ ಸಪ್ಪೆಯಾಗುತ್ತಾ?

ಮೆದುಳು_ಮೇಷ್ಟ್ರು:
ಹೌದು, ಅಮೆರಿಕದಲ್ಲಿ 1994ರಿಂದ ಕುಡಿತಕ್ಕೆ ಕೊಡುತ್ತಾರೆ. ಊಟ ಪೂರ್ತಿ ಸಪ್ಪೆ ಅಂತೇನೂ ಆಗಲ್ಲ. ಆದರೆ ಬುಪ್ರೊಪಿಯಾನ್ ಜೊತೆ ಸೇರಿಸಿ ತೂಕ ಇಳಿಸಲಿಕ್ಕೂ 2014ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿದೆ. ಗೈಡ್ ಅಲ್ಲಿಗೂ ಬಂದರೆ ಇದನ್ನೇ ಹೇಳಿ.