ಸೋತು ಓಡುವವರನ್ನು ಬೆನ್ನಟ್ಟಿ ಕೊಲ್ಲುವುದಕ್ಕೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಟೌಟನ್ ಅಂತ ಒಂದು ಹಳ್ಳಿ ಇದೆ. 1461ರ ಮಾರ್ಚ್ 29ರಂದು ಅದರ ಪಕ್ಕದ ಬಯಲಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಅನ್ನೋ ಎರಡು ಮನೆತನಗಳ ಪಡೆಗಳು ಕಾದಾಡಿದವು. ಗೈಡ್ ಜೊತೆ ಆ ಬಯಲನ್ನು ಸುತ್ತಿ ಬಂದೆ. ಈಗ ಅದರ ಬಗ್ಗೆ ಬರೆಯುತ್ತಾ ಒಂದು ಪದ ಸಿಗದೆ ನಿಂತಿದ್ದೇನೆ.

ಕಾಳಗದ ಶುರುವಿಗೆ ಪದಗಳ ಬರವಿಲ್ಲ. ಬಿಲ್ಲಾಳು, ಬತ್ತಳಿಕೆ, ಬಾಣದ ಮಳೆ ಎಲ್ಲವೂ ನಮ್ಮಲ್ಲಿ ಇವೆ. ಅವತ್ತು ಹಿಮ ಸುರಿಯುತ್ತಿತ್ತು, ಗಾಳಿ ಯಾರ್ಕ್ ಕಡೆಯವರ ಬೆನ್ನಿಗಿತ್ತು. ಅವರ ಬಾಣಗಳು ಗುರಿ ಮುಟ್ಟಿದವು. ಎದುರಿನವರು ಬಿಟ್ಟ ಬಾಣಗಳು ಅರ್ಧ ದಾರಿಯಲ್ಲೇ ಬಿದ್ದವು.

ತೊಡಕು ಇರುವುದು ಕೊನೆಯ ಭಾಗದಲ್ಲಿ. ಗಂಟೆಗಟ್ಟಲೆ ಹೊಡೆದಾಡಿದ ಮೇಲೆ ಲ್ಯಾಂಕಾಸ್ಟರ್ ಪಡೆ ಮುರಿಯಿತು. ಬಯಲಿನ ಪಶ್ಚಿಮಕ್ಕೆ ಕಡಿದಾದ ಇಳಿಜಾರು, ಕೆಳಗೆ ಕಾಕ್ ಬೆಕ್ ಅನ್ನೋ ಹಳ್ಳ. ಈಗ ನೋಡಿದರೆ ಸಣ್ಣ ಹಳ್ಳ, ಅಷ್ಟೇ. ಆದರೆ ಭಾರದ ಕವಚ ತೊಟ್ಟವರು ಜಾರುವ ಹಿಮದಲ್ಲಿ ಇಳಿದು ಅದನ್ನು ದಾಟಬೇಕಿತ್ತು. ಬೆನ್ನ ಹಿಂದೆ ಕತ್ತಿಗಳು. ಹೆಣಗಳೇ ಸೇತುವೆಯಾದವು ಅಂತ ಅಲ್ಲಿನ ಜನ ಇವತ್ತಿಗೂ ಹೇಳುತ್ತಾರೆ. 1996ರಲ್ಲಿ ಟೌಟನ್ ಹಾಲ್ ಹತ್ತಿರ ಕಟ್ಟಡದ ಕೆಲಸಕ್ಕೆ ಅಗೆದಾಗ 30ಕ್ಕೂ ಹೆಚ್ಚು ಜನರ ಅಸ್ಥಿ ಒಂದೇ ಗುಂಡಿಯಲ್ಲಿ ಸಿಕ್ಕವು. ಒಂದು ತಲೆಬುರುಡೆಯಲ್ಲಂತೂ ಎಂಟು ಪೆಟ್ಟಿನ ಗುರುತು.

ಇದನ್ನು 'ಪಲಾಯನ' ಅಂದರೆ ಓಟ ಮಾತ್ರ ಕಾಣುತ್ತದೆ, ಕೊಲೆ ಕಾಣುವುದಿಲ್ಲ. 'ಬೆನ್ನು ತೋರಿಸಿದರು' ಅಂದರೆ ಸತ್ತವರನ್ನೇ ಹೇಡಿಗಳು ಅಂದ ಹಾಗಾಗುತ್ತದೆ. ಅದು ನನಗೆ ಖಂಡಿತ ಬೇಡ. 'ದಿಕ್ಕಾಪಾಲಾಗಿ ಓಡಿದರು' ಚೆನ್ನಾಗಿದೆ, ಆದರೆ ಅಲ್ಲಿ ಓಡಲು ದಿಕ್ಕುಗಳೇ ಇರಲಿಲ್ಲ ಅಲ್ವಾ? ಎಲ್ಲರೂ ಅದೇ ಹಳ್ಳದ ಕಡೆಗೆ ನುಗ್ಗಿದರು. 'ಕಗ್ಗೊಲೆ' ಹತ್ತಿರ ಬರುತ್ತದೆ. ಆದರೆ ಸುಮ್ನೆ ಕಗ್ಗೊಲೆ ಅಂದರೆ ಅವರು ಅಲ್ಲಿಯವರೆಗೂ ಆಯುಧ ಹಿಡಿದು ಕಾದಿದವರು ಅನ್ನುವುದು ಮರೆಯಾಗುತ್ತದೆ.

ಸದ್ಯಕ್ಕೆ 'ಪಡೆ ಮುರಿದು ಓಡಿತು, ಓಡಿದವರನ್ನು ಬೆನ್ನಟ್ಟಿ ಕಡಿದರು' ಅಂತ ಬರೆದಿದ್ದೇನೆ. ಅರ್ಥವೇನೋ ಸರಿಯಾಗಿದೆ. ಆದರೆ ಪುಟದ ತಲೆಬರಹಕ್ಕೆ ಒಂದೇ ಪದ ಬೇಕು. 'ಬೆನ್ನಟ್ಟುಗೊಲೆ' ಅಂತ ಕಟ್ಟಿ ನೋಡಿದೆ. ಓದುವಾಗ ನಾಲಿಗೆ ತಡವರಿಸುತ್ತದೆ.

ಹಳಗನ್ನಡ ಕಾವ್ಯದಲ್ಲೋ, ಲಾವಣಿಯಲ್ಲೋ, ನಿಮ್ಮ ಕಡೆಯ ಆಡುಮಾತಿನಲ್ಲೋ ಇದಕ್ಕೆ ಪದ ಇದ್ದರೆ, ಅದನ್ನು ಬಳಸಿದ ಸಾಲಿನ ಸಮೇತ ತಿಳಿಸಿ. ಇನ್ನೊಂದು ಚಿಕ್ಕ ಪ್ರಶ್ನೆ: ಹಳ್ಳದ ಬಳಿಯ ಹುಲ್ಲುಗಾವಲಿಗೆ ಅಲ್ಲಿನವರು ಇಟ್ಟ 'ಬ್ಲಡಿ ಮೆಡೋ' ಅನ್ನೋ ಹೆಸರನ್ನು 'ನೆತ್ತರ ಗಾವಲು' ಅಂದರೆ ಕಿವಿಗೆ ಹಿತವೇ, ಅಥವಾ 'ನೆತ್ತರ ಬಯಲು' ಸಾಕೇ?